ಬಿಲ್ ತಂದಿದ್ದೀರಾ?

ಧಾರವಾಡದ ನಿವೃತ್ತ ಮಾಸ್ತರರು ಹಕ್ಕಿಗಳ ಫೋಟೋ ತೆಗೆಯುತ್ತಿದ್ದ ಕ್ಯಾಮೆರಾ ಲೆನ್ಸಿನ ಕಥೆಯನ್ನು ನಾನು ಮತ್ತೆ ಹೇಳಬೇಕಾಗಿಲ್ಲ. ಗಿರಮಿಟ್ಟು, ಮಿರ್ಚಿ ಸಿಗುವ ಕಡೆಯಲ್ಲೆಲ್ಲ ಈಗ ಅದೇ ಮಾತು. ಮನೆಯಿಂದ ಕಳುವಾಯಿತು, ಕೆಲವು ವಾರಗಳ ನಂತರ ಮೊಬೈಲಿನಲ್ಲಿ, ಹಳೆಯ ಸಾಮಾನು ಮಾರುವ ಆ್ಯಪ್ ಒಂದರಲ್ಲಿ ಮಾರಾಟಕ್ಕೆ ಬಂತು, ಮಾಸ್ತರರು ಠಾಣೆಗೆ ಓಡಿದರು, ಅಲ್ಲಿ ಅವರಿಗೆ ಎದುರಾದ ಮೊದಲ ಪ್ರಶ್ನೆ 'ಬಿಲ್ ತಂದಿದ್ದೀರಾ?' ಎಂಬುದು. ಕಥೆ ಇಷ್ಟೇ. ಇನ್ನು ಉಳಿದದ್ದು ವ್ಯವಸ್ಥೆಯ ಗುಣಗಾನ. ಅದಕ್ಕೆ ನಾನಿದ್ದೇನೆ.

ಮೊದಲು ಕಳ್ಳನನ್ನು ಹೊಗಳಬೇಕು. ಹಿಂದಿನ ಕಾಲದ ಕಳ್ಳರು ಹೇಡಿಗಳು. ಅಮಾವಾಸ್ಯೆ ನೋಡಿ ಕನ್ನ ಹಾಕುವುದು, ಮಾಲನ್ನು ದೂರದ ಸಂತೆಗೆ ಸಾಗಿಸುವುದು, ಮುಖ ಮರೆಸಿಕೊಂಡು ಮಾರುವುದು. ಈಗಿನವನು ಪಾರದರ್ಶಕತೆಯ ಪ್ರತಿಪಾದಕ. ಜಾಹೀರಾತಿನಲ್ಲಿ ನಾಲ್ಕು ಫೋಟೋಗಳಿವೆ. ಗುಲಾಬಿ ಹೂವಿನ ಚಾದರದ ಮೇಲೆ ಲೆನ್ಸನ್ನು ಬಾಣಂತಿಯ ಮಗ್ಗುಲಿನ ಕೂಸಿನಂತೆ ಮಲಗಿಸಿದ್ದಾನೆ. ಮೂರನೆಯ ಫೋಟೋದಲ್ಲಿ ಮುಚ್ಚಳದ ಒಳಬದಿ ಕಾಣುತ್ತದೆ, ಅಲ್ಲಿ ಮಾಸ್ತರರು ಬಿಳಿ ಬಣ್ಣದಲ್ಲಿ ಬರೆದುಕೊಂಡ ತಮ್ಮ ಹೆಸರಿನ ಮೊದಲಕ್ಷರಗಳಿವೆ. ನಾಲ್ಕನೆಯದರಲ್ಲಿ ಲೆನ್ಸಿನ ಕ್ರಮಸಂಖ್ಯೆ. ಗಿರಾಕಿಗೆ ನಂಬಿಕೆ ಬರಲಿ ಎಂದು ಬೆಳಕಿಗೆ ಹಿಡಿದು, ಹತ್ತಿರದಿಂದ, ಒಂದಂಕಿಯೂ ಮಸುಕಾಗದಂತೆ ತೆಗೆದಿದ್ದಾನೆ. ಕೆಳಗೆ ವಿವರಣೆ: 'ಮನೆ ಬಳಕೆಯ ಲೆನ್ಸ್. ಒಬ್ಬರೇ ಬಳಸಿದ್ದು. ಕಂಡೀಷನ್ ಉತ್ತಮ. ಬಿಲ್ ಇಲ್ಲ. ಅರ್ಜೆಂಟ್ ಇರುವುದರಿಂದ ಕೊಡುತ್ತಿದ್ದೇನೆ.' ಬೆಲೆ 22,000 ರೂಪಾಯಿ, ಹುಬ್ಬಳ್ಳಿಯ ಬಡಾವಣೆಯ ಹೆಸರು, ಮೊಬೈಲ್ ಸಂಖ್ಯೆ. ಹುಡುಕಿದರೂ ಇದರಲ್ಲಿ ಸುಳ್ಳು ಸಿಗುವುದಿಲ್ಲ. ಮನೆ ಬಳಕೆಯದೇ, ಯಾರ ಮನೆ ಎಂದು ಅವನು ಹೇಳಿಲ್ಲ. ಒಬ್ಬರೇ ಬಳಸಿದ್ದು ನಿಜ. ಅರ್ಜೆಂಟಂತೂ ಇದ್ದೇ ಇದೆ. ಇಷ್ಟು ಪ್ರಾಮಾಣಿಕವಾದ ಪ್ರಣಾಳಿಕೆಯನ್ನು ಹೊರತಂದ ಪಕ್ಷ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಬಿಲ್ಲಿನ ವಿಷಯಕ್ಕೆ ಬರೋಣ. ಕಳ್ಳನ ಹತ್ತಿರ ಬಿಲ್ ಇಲ್ಲ. ಮಾಸ್ತರರ ಹತ್ತಿರವೂ ಇಲ್ಲ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುವ ಸಂವಿಧಾನದ 14ನೇ ವಿಧಿ ಇಲ್ಲಿ ಅಕ್ಷರಶಃ ಜಾರಿಗೆ ಬಂದಿದೆ. ಸಣ್ಣ ವ್ಯತ್ಯಾಸ ಒಂದೇ, ಕಳ್ಳನನ್ನು ಬಿಲ್ ಎಲ್ಲಿ ಎಂದು ಯಾರೂ ಕೇಳಿಲ್ಲ. ಅದೂ ಸಾಮಾನ್ಯ ಬಿಲ್ ಅಲ್ಲ, ಜಿಎಸ್‌ಟಿ ಬಿಲ್ ಬೇಕಂತೆ. ಮಾಸ್ತರರು ನಿವೃತ್ತರಾದಾಗ ಗಳಿಕೆ ರಜೆಯ ಹಣ ಬಂದಿತ್ತು, ಅದರಲ್ಲಿ ಲೆನ್ಸ್ ಕೊಂಡರು. ಅದು 2011. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಆರು ವರ್ಷ ಕಾದು ಕೊಂಡಿದ್ದರೆ ಇವತ್ತು ಈ ಫಜೀತಿ ಇರುತ್ತಿರಲಿಲ್ಲ. ಮಾಸ್ತರರಿಗೆ ದುಡುಕು.

ಅವರು ಸುಮ್ಮನಿರಲಿಲ್ಲ, ಬೇರೆ ಸಾಕ್ಷಿ ಒಯ್ದರು: ಅದೇ ಲೆನ್ಸಿನಲ್ಲಿ ತೆಗೆದ ಹಕ್ಕಿಯ ಫೋಟೋ, ಪೆನ್‌ಡ್ರೈವಿನಲ್ಲಿ. ಡಿಜಿಟಲ್ ಕ್ಯಾಮೆರಾ ತೆಗೆದ ಫೋಟೋದ ಕಡತದೊಳಗೆ ದಿನಾಂಕ, ಸಮಯದ ಜೊತೆಗೆ ಅನೇಕ ಮಾದರಿಗಳಲ್ಲಿ ಕ್ಯಾಮೆರಾದ ಮತ್ತು ಲೆನ್ಸಿನ ಕ್ರಮಸಂಖ್ಯೆಯೂ ದಾಖಲಾಗಿರುತ್ತದೆ. ಜಾಹೀರಾತಿನ ಸಂಖ್ಯೆಯೂ ಕಡತದ ಸಂಖ್ಯೆಯೂ ಒಂದೇ. ಇದಕ್ಕಿಂತ ಗಟ್ಟಿ ಪುರಾವೆ ಕೆಲವರ ಮದುವೆಗೂ ಇರುವುದಿಲ್ಲ. ಆದರೆ ಹೊರಗಿನ ಪೆನ್‌ಡ್ರೈವನ್ನು ಠಾಣೆಯ ಕಂಪ್ಯೂಟರಿಗೆ ಹಾಕಿದರೆ ವೈರಸ್ ಬರುತ್ತದೆ, ಆದ್ದರಿಂದ ಪ್ರಿಂಟ್ ತನ್ನಿ ಎಂದರು. ಪ್ರಿಂಟ್ ತಂದರು. ಪ್ರಿಂಟಿನಲ್ಲಿ ಹಕ್ಕಿ ಬಂತು, ಸಂಖ್ಯೆ ಬರಲಿಲ್ಲ. ಬರೆದುಕೊಳ್ಳುವವರು ಫೋಟೋವನ್ನು ತಿರುಗಿಸಿ ನೋಡಿ, 'ಬಾತುಕೋಳಿ ಚೆನ್ನಾಗಿದೆ' ಎಂದರಂತೆ.

ಅದು ಬಾತುಕೋಳಿಯಲ್ಲ ಸ್ವಾಮಿ, ಪಟ್ಟೆತಲೆ ಹೆಬ್ಬಾತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಬರುತ್ತದೆ, ಸುತ್ತಲಿನ ಹೊಲಗಳಲ್ಲಿ ಶೇಂಗಾ ತಿಂದು ರೈತರಿಂದ ಬೈಸಿಕೊಳ್ಳುತ್ತದೆ, ಬೇಸಿಗೆ ಕಾಲಿಡುತ್ತಲೇ ಹೊರಟುಹೋಗುತ್ತದೆ. ಆ ಕೆರೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸರ್ ಮಾನ್ಯತೆಯೂ ಸಿಕ್ಕಿತು. ನಾನು ಹೇಳಹೊರಟದ್ದು ಬೇರೆ. ಈ ಹೆಬ್ಬಾತುಗಳಲ್ಲಿ ಕೆಲವಕ್ಕೆ ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಪಟ್ಟಿ ಹಾಕಿ ಬಿಟ್ಟಿರುತ್ತಾರೆ. ಅಂತಹ ಪಟ್ಟಿಯ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ದಡದಲ್ಲಿ ಕೂತ ಹವ್ಯಾಸಿಯೊಬ್ಬ ಪಟ್ಟಿಯ ಮೇಲಿನ ಅಕ್ಷರ, ಅಂಕಿ ಓದಿ ಬರೆದು ಕಳುಹಿಸಿದರೆ ಸಾಕು, ಆ ಹಕ್ಕಿಗೆ ಎಲ್ಲಿ, ಯಾವಾಗ ಪಟ್ಟಿ ಹಾಕಲಾಗಿತ್ತು ಎಂದು ಅತ್ತಲಿಂದ ಉತ್ತರ ಬರುತ್ತದೆ. ಪಾಸ್‌ಪೋರ್ಟ್ ಇಲ್ಲದ, ಬಿಲ್ ಇಲ್ಲದ, ಮಾತೂ ಬಾರದ ಹಕ್ಕಿಯ ಪೂರ್ವಾಪರ ತಿಳಿಯುತ್ತದೆ. ಅದೇ ಹಕ್ಕಿಯನ್ನು ಹಿಡಿದ ಲೆನ್ಸು ಧಾರವಾಡದಿಂದ ಹುಬ್ಬಳ್ಳಿಗೆ, ಸುಮಾರು ಇಪ್ಪತ್ತು ಕಿಲೋಮೀಟರ್, ಹೋದರೆ ಮಾತ್ರ ಪತ್ತೆಯಾಗುವುದಿಲ್ಲ. ತಪ್ಪು ಹೇಳಿದೆ. ಪತ್ತೆಯಾಗಿದೆ. ಪತ್ತೆಯಾದದ್ದನ್ನು ನೋಡಲು ಯಾರೂ ತಯಾರಿಲ್ಲ.

ಸರಹದ್ದಿನ ತೊಡಕೂ ಇದೆಯಲ್ಲ. ಕಳುವಾದದ್ದು ಧಾರವಾಡದಲ್ಲಿ, ಮಾರಾಟಕ್ಕಿರುವುದು ಹುಬ್ಬಳ್ಳಿಯಲ್ಲಿ. ಎರಡೂ ಊರಿಗೆ ಒಬ್ಬರೇ ಪೊಲೀಸ್ ಕಮಿಷನರ್. ಚಿಗರಿ ಬಸ್ಸಿಗೆ ನಡುವೆ ಪ್ರತ್ಯೇಕ ಪಥವೇ ಇದೆ. ದೂರಿಗೆ ಮಾತ್ರ ಕಾಲುದಾರಿಯೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು ಎನ್ನುತ್ತದೆ. ಕೊಡಬಹುದು, ಮಾಸ್ತರರೂ ಕೊಟ್ಟರು. ಧಾರವಾಡದವರು ಮಾಲು ಇರುವ ಕಡೆ ಹೋಗಿ ಎಂದರು, ಹುಬ್ಬಳ್ಳಿಯವರು ಮಾಲು ಹೋದ ಕಡೆ ಹೋಗಿ ಎಂದರು. ನಡುವೆ ಒಬ್ಬ ದಯಾಳು, ಕಳೆದ ವಸ್ತುಗಳಿಗೆಂದು ಪೊಲೀಸರೇ ಮಾಡಿರುವ ಇ-ಲಾಸ್ಟ್‌ನಲ್ಲಿ 'ಕಳೆದುಹೋಗಿದೆ' ಎಂದು ಹಾಕಿಬಿಡಿ, ತಕ್ಷಣ ರಸೀದಿ ಬರುತ್ತದೆ ಎಂದು ಕಿವಿಮಾತು ಹೇಳಿದರು. ಬೀಗ ಮುರಿದ ಬಾಗಿಲಿನೊಳಗಿಂದ, ಕಪಾಟಿನ ಎರಡನೇ ಖಾನೆಯಿಂದ ಲೆನ್ಸು ತಾನಾಗಿಯೇ ಕಳೆದುಹೋಗಿದೆ. ಬೇಸರವಾಗಿ ಹೋಗಿರಬೇಕು.

ಮೊಬೈಲ್ ಕಳೆದುಕೊಂಡವರು ಪುಣ್ಯವಂತರು. ಅವರಿಗೆ ಐಎಂಇಐ ಎಂಬ ಹದಿನೈದಂಕಿಯ ಗೋತ್ರವಿದೆ, 2023ರಿಂದ ದೇಶಕ್ಕೆಲ್ಲ ಒಂದೇ ಸಿಇಐಆರ್ ಪೋರ್ಟಲ್ ಇದೆ, ಸಂಖ್ಯೆ ಕೊಟ್ಟರೆ ಫೋನು ಬಂದ್. ಚಿನ್ನ ಕಳೆದುಕೊಂಡವರಿಗೂ ಒಂದು ಗೌರವವಿದೆ: ಬಿಳಿ ಬಟ್ಟೆ ಹಾಸಿದ ಮೇಜು, ಸಾಲಾಗಿ ಬಳೆ ಸರ, ಹಿಂದೆ ಸಾಲಾಗಿ ಅಧಿಕಾರಿಗಳು, ಮರುದಿನ ಪತ್ರಿಕೆಯಲ್ಲಿ ಫೋಟೋ. ಆ ಮೇಜಿನ ಮೇಲೆ ಒಂದು ದುರ್ಬೀನು, ಒಂದು ಅಂಚೆಚೀಟಿ ಆಲ್ಬಂ, ಒಂದು ಕೊಳಲನ್ನು ಯಾರಾದರೂ ನೋಡಿದ್ದೀರಾ? ಹವ್ಯಾಸದ ಸಾಮಾನು ಕಳೆದುಕೊಂಡವನು ಉದ್ಯೋಗವಿಲ್ಲದವನು ಎಂಬುದು ಇಲ್ಲಿ ಇತ್ಯರ್ಥವಾಗಿರುವ ವಿಷಯ.

ಹಾಗಿದ್ದರೂ ಮಾಸ್ತರರ ಲೆನ್ಸಿಗೆ ಸಂಖ್ಯೆಯಾದರೂ ಇದೆ. ತಂಬೂರಿಗೆ ಏನಿದೆ?

ನಗಬೇಡಿ. ಇದೇ ಹುಬ್ಬಳ್ಳಿಯ ಜಾಹೀರಾತುಗಳ ನಡುವೆ ಒಂದನ್ನು ನಾನೇ ಕಂಡೆ. ಶೀರ್ಷಿಕೆ, 'ಹಳೆಯ ದೊಡ್ಡ ಗಿಟಾರ್, ಶೋಕೇಸಿಗೆ ಚೆನ್ನ'. ಫೋಟೋದಲ್ಲಿ ಗೋಡೆಗೆ ಒರಗಿ ನಿಂತಿರುವುದು ಸಾಕ್ಷಾತ್ ಐದಡಿಯ ತಂಬೂರಿ. ಬುರುಡೆಯ ಮೇಲೆ ಯಾರೋ ಪ್ಲಾಸ್ಟಿಕ್ ಹೂವಿನ ಹಾರ ಬೇರೆ ಹಾಕಿದ್ದಾರೆ. ವಿವರಣೆಯಲ್ಲಿ, 'ನಾಲ್ಕೇ ತಂತಿ ಇವೆ, ಉಳಿದೆರಡು ಹಾಕಿಸಿಕೊಳ್ಳಬೇಕು. ಅದಕ್ಕೇ ಬೆಲೆ ಕಡಿಮೆ.' ಗಂಗೂಬಾಯಿ ಹಾನಗಲ್ಲರು ಬಾಳಿ ಬದುಕಿದ ಹುಬ್ಬಳ್ಳಿಯಲ್ಲಿ, ಮಲ್ಲಿಕಾರ್ಜುನ ಮನ್ಸೂರರ ಧಾರವಾಡದ ಮಗ್ಗುಲಲ್ಲಿ, ನಾಲ್ಕೇ ತಂತಿಯ ವಾದ್ಯವಾದ ತಂಬೂರಿಗೆ ಎರಡು ತಂತಿ ಸಾಲದೆ ಬಂದಿವೆ! ಕಳವಿಗಿಂತ ಈ ವಾಕ್ಯಕ್ಕೆ ಮೊಕದ್ದಮೆ ಹೂಡಬೇಕಿತ್ತು.

ಅದು ಕದ್ದದ್ದೋ ಅಲ್ಲವೋ ನಾನರಿಯೆ. ಆದರೆ ಅದರ ಒಡತಿಯೊಬ್ಬಳಿದ್ದಾಳೆ, ಮುಂಜಾನೆ ಒಂದು ಗಂಟೆ ಷಡ್ಜ ಹಿಡಿದು ಆಮೇಲೆ ಬ್ಯಾಂಕಿಗೆ ಹೋಗುವವಳು ಎಂದಿಟ್ಟುಕೊಳ್ಳಿ. ಅವಳು ಠಾಣೆಯಲ್ಲಿ ಏನೆಂದು ಹೇಳಬೇಕು? ಮೀರಜಿನ ತಂಬೂರಿಗೆ 2024ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು, ನಿಜ. ಅದರಿಂದ ಊರು ಗೊತ್ತಾಗುತ್ತದೆ, ಒಡತಿ ಗೊತ್ತಾಗುವುದಿಲ್ಲ. ತಂತಿ ಹಾಯುವ ಕುದುರೆಯ ಮೇಲೆ ಜವಾರಿಗೆಂದು, ಅಂದರೆ ನಾದ ಝೇಂಕರಿಸಲೆಂದು, ಇಟ್ಟ ಹತ್ತಿಯ ದಾರ ಯಾವ ಬಣ್ಣದ್ದು, ಸೋರೆಯ ಬುರುಡೆಯ ಯಾವ ಪಕ್ಕದಲ್ಲಿ ಕೂದಲೆಳೆಯ ಸೀಳಿದೆ, ಯಾವ ಬಿರಟೆ ಮಳೆಗಾಲದಲ್ಲಿ ಬಿಗಿಯುತ್ತದೆ, ಇವೆಲ್ಲ ಅವಳಿಗೆ ಗೊತ್ತು. ಅರ್ಜಿ ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲ. ಸಂಗೀತಪ್ರೇಮಿ ಗೆಳೆಯನೊಬ್ಬ ಉಪಾಯ ಸೂಚಿಸಿದ: ಠಾಣೆಯಲ್ಲಿಯೇ ಇಬ್ಬರಿಗೂ ತಂಬೂರಿ ಕೊಡಲಿ, ಯಾರ ಕೈಯಲ್ಲಿ ಶ್ರುತಿ ನಿಲ್ಲುತ್ತದೋ ಮಾಲು ಅವರದ್ದು. ನ್ಯಾಯವೇನೋ ಊರಿಗೆ ತಕ್ಕದ್ದೇ. ಆದರೆ ಧಾರವಾಡದ ಕಡೆಯಲ್ಲಿ ಇದು ಅಪಾಯ. ಕಳ್ಳನೂ ಎರಡು ವರ್ಷ ಎಲ್ಲಿಯೋ ಪಾಠ ಹೇಳಿಸಿಕೊಂಡವನೇ ಆಗಿದ್ದರೆ? ಪಂಚರು ತಲೆದೂಗಿ ತಂಬೂರಿಯ ಜೊತೆಗೆ ಶಾಲನ್ನೂ ಹೊದೆಸಿ ಕಳುಹಿಸುತ್ತಾರೆ.

ಬೆಲೆ ಕಟ್ಟುವ ಶಾಸ್ತ್ರ ಇನ್ನೂ ರುಚಿ. ಕೊನೆಗೂ ಮಾಸ್ತರರ ಫಿರ್ಯಾದಿಯನ್ನು ಬರೆದುಕೊಂಡರು, 'ಹಳೆಯ ಕ್ಯಾಮೆರಾ ನಳಿಕೆ, ಅಂದಾಜು ಬೆಲೆ ರೂ. 4,500'. ಕಳ್ಳನೇ ಇಪ್ಪತ್ತೆರಡು ಸಾವಿರದ ಗೌರವ ಕೊಟ್ಟಿರುವಾಗ ಇದೇಕೆ ನಾಲ್ಕೂವರೆ? ಏಕೆಂದರೆ ಹೊಸ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಐದು ಸಾವಿರ ರೂಪಾಯಿಯ ಒಂದು ಗೆರೆ ಇದೆ. ಮಾಲಿನ ಬೆಲೆ ಅದಕ್ಕಿಂತ ಕಡಿಮೆ ಇದ್ದು, ಮೊದಲ ಸಲ ತಪ್ಪಿತಸ್ಥನೆಂದು ತೀರ್ಮಾನವಾದವನು ಮಾಲನ್ನೋ ಬೆಲೆಯನ್ನೋ ಮರಳಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಅಂತಹ ಪ್ರಕರಣ ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ತನಿಖೆ ಮಾಡುವಂತಿಲ್ಲ. ಕಾನೂನು ಮಾಡಿದವರ ಮನಸ್ಸಿನಲ್ಲಿ ಹಸಿದು ಬ್ರೆಡ್ ಕದ್ದ ಹುಡುಗನಿದ್ದಿರಬೇಕು, ಅವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪೆನ್ನು ಹಿಡಿದವರ ಕೈಯಲ್ಲಿ ಒಂದು ಸೊನ್ನೆ ಅಲುಗಾಡಿದರೆ ಕೆಲಸ ಎಷ್ಟು ಹಗುರವಾಗುತ್ತದೆ ನೋಡಿ.

ಹಿತೈಷಿಗಳ ಸಲಹೆಯೂ ಬಂತು: ಹೋಗಲಿ ಬಿಡಿ, ದುಡ್ಡು ಕೊಟ್ಟು ನೀವೇ ಕೊಂಡುಕೊಂಡುಬಿಡಿ. ಕಾನೂನು ಇದಕ್ಕೂ ಆಶೀರ್ವಾದ ಮಾಡುತ್ತದೆ. 317ನೇ ಕಲಮಿನ ಪ್ರಕಾರ ಕದ್ದ ಮಾಲು ಹಕ್ಕುದಾರನ ಕೈಗೆ ಮರಳಿದ ಕ್ಷಣದಿಂದ ಕದ್ದ ಮಾಲಾಗಿ ಉಳಿಯುವುದಿಲ್ಲ. ಇಪ್ಪತ್ತೆರಡು ಸಾವಿರ ಎಣಿಸಿದರೆ ಲೆನ್ಸು ಮಡಿಯಾಯಿತು. ಮಾಸ್ತರರು ಗಿರಾಕಿಯಂತೆ ಫೋನ್ ಮಾಡಿದರು. ಮಾರುವವನು ಬಹಳ ಮರ್ಯಾದಸ್ಥ, 'ಸರ್' ಎಂದೇ ಮಾತನಾಡಿದ. ರೈಲು ನಿಲ್ದಾಣದ ಎಂಟನೇ ಪ್ಲಾಟ್‌ಫಾರ್ಮಿಗೆ ಬನ್ನಿ ಎಂದ. ನಮ್ಮ ಎಂಟನೇ ಪ್ಲಾಟ್‌ಫಾರ್ಮ್ ಎಷ್ಟು ಉದ್ದ ಎಂಬುದು ಜಗತ್ತಿಗೇ ಗೊತ್ತು, 1,507 ಮೀಟರ್. ಯಾವ ತುದಿಗೆ ಎಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ ತನ್ನದೇ ವಸ್ತುವನ್ನು ಕೊಳ್ಳಲು ಕಿಸೆಯಲ್ಲಿ ನೋಟಿನ ಕಟ್ಟು ಇಟ್ಟುಕೊಂಡು ಒಂದೂವರೆ ಕಿಲೋಮೀಟರ್ ಅತ್ತಿಂದಿತ್ತ ನಡೆದರು. ಫೋನ್ ಸ್ವಿಚ್ ಆಫ್.

ಇಲ್ಲಿಯವರೆಗೆ ನಗುತ್ತ ಬರೆದೆ. ಇನ್ನು ಆಗುವುದಿಲ್ಲ. ಆ ಜಾಹೀರಾತಿನಲ್ಲಿ ಫೋನ್ ನಂಬರ್ ಇದೆ. ಮಾಲಿನ ಸಂಖ್ಯೆ ಇದೆ. ಒಡೆಯನ ಹೆಸರಿನ ಅಕ್ಷರವಿದೆ. ಒಬ್ಬ ಪೇದೆ ಒಂದು ಕರೆ ಮಾಡಬೇಕು, ಒಂದು ಪತ್ರ ಆ ಆ್ಯಪ್ ನಡೆಸುವವರಿಗೆ ಹೋಗಬೇಕು. ಅಷ್ಟೇ ಕೆಲಸ. ಅದನ್ನು ಮಾಡದಿರುವುದಕ್ಕೆ ಇಷ್ಟು ಜನ ಇಷ್ಟು ಹೊತ್ತು ಶ್ರಮಿಸಿದ್ದಾರೆ. ಮತ್ತು ಆ ಆ್ಯಪ್ ನಡೆಸುವವರು, ಪ್ರತಿ ಜಾಹೀರಾತಿನ ಕೆಳಗೆ 'ಎಚ್ಚರಿಕೆಯಿಂದ ವ್ಯವಹರಿಸಿ' ಎಂದು ಬರೆದು ಕೈ ತೊಳೆದುಕೊಂಡವರು, ದೂರು ಕೊಡುವ ಗುಂಡಿ ಒತ್ತಿದರೆ 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಎನ್ನುತ್ತಾರೆ. ಅದು ಅಭಿಪ್ರಾಯವಲ್ಲ. ಅದು ಒಬ್ಬನ ಮನೆಯ ಬೀಗ ಮುರಿದ ವಿಷಯ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವನು ಜೀವನದಲ್ಲಿ ತನಗೆಂದು ಕೊಂಡ ಒಂದೇ ದುಬಾರಿ ವಸ್ತು ಅದು, ಅದನ್ನು ನಳಿಕೆ ಎಂದು ಬರೆಯಲು ನಾಚಿಕೆಯಾಗಬೇಕು.

ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಆಗ ಅದು ಮುದ್ದೆಮಾಲು, ಅಂದರೆ ಪ್ರಕರಣದ ಸಾಕ್ಷ್ಯವಾಗಿ ಜಪ್ತಾದ ವಸ್ತು. ಗೋಣಿಚೀಲದಲ್ಲಿ ಕಟ್ಟಿ, ಅರಗಿನ ಮುದ್ರೆ ಒತ್ತಿ, ಜಪ್ತಾದ ಬೈಕುಗಳ ಪಕ್ಕದ ಕೋಣೆಗೆ. ಇಂತಹ ಮಾಲನ್ನು ಠಾಣೆಯಲ್ಲಿ ಹದಿನೈದು ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ, ಪಂಚನಾಮೆ ಮಾಡಿ, ಫೋಟೋ ತೆಗೆದು, ಬಾಂಡ್ ಬರೆಸಿಕೊಂಡು ಒಡೆಯನಿಗೆ ಕೊಟ್ಟುಬಿಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿತ್ತು. ತೇವದ ಕೋಣೆಯಲ್ಲಿ ಲೆನ್ಸಿನ ಗಾಜಿಗೆ ಬೂಷ್ಟು ಹಿಡಿಯಲು ಒಂದು ಮಳೆಗಾಲ ಸಾಕು. ಅದಕ್ಕೆಂದೇ ಮಾಸ್ತರರು ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಕಾಲಕಾಲಕ್ಕೆ ಬದಲಿಸುತ್ತಿದ್ದರು. ಗುಲಾಬಿ ಚಾದರವೇ ಅದಕ್ಕೆ ಕ್ಷೇಮವೇನೋ.

ಮೊನ್ನೆ ಮಾಸ್ತರರ ಮೊಬೈಲಿಗೆ ಆ ಆ್ಯಪ್‌ನಿಂದ ಸೂಚನೆ ಬಂತು: 'ನೀವು ಮೆಚ್ಚಿದ ವಸ್ತುವಿನ ಬೆಲೆ 2,000 ರೂಪಾಯಿ ಇಳಿದಿದೆ.' ಜಾಹೀರಾತು ಇನ್ನೂ ಜೀವಂತವಾಗಿದೆ ಎಂಬುದಕ್ಕೆ ಇದೊಂದು ಸಾಕ್ಷಿಯಾದೀತು ಎಂದು ಅವರು ಮತ್ತೆ ಠಾಣೆಗೆ ಹೋಗಿ ತೋರಿಸಿದರು. ಅಲ್ಲಿದ್ದವರು ಕನ್ನಡಕ ಏರಿಸಿ ಓದಿ, ಮೊಬೈಲನ್ನು ಮರಳಿಸಿ, ಅವಸರ ಮಾಡಬೇಡಿ, ಎರಡು ವಾರ ತಡೆದರೆ ಇನ್ನೂ ಇಳಿಯುತ್ತದೆ ಎಂದರು.