ಲಾಂಜಾನ ತೂಕ ಕಟ್ಟಿಕೊಂಡು ನಿಮಗೇನಾಗಬೇಕು?

ಈಗಷ್ಟೇ ಹಳೇ ಹಾಲಿವುಡ್‌ನ ಹಾಡುಗಾರ-ನಟ ಮಾರಿಯೋ ಲಾಂಜಾ ಬಗ್ಗೆ ಒಂದು ವಿಡಿಯೋ ನೋಡಿ ತಲೆ ಕೆಟ್ಟು ಕೂತಿದ್ದೇನೆ. ಏನು ತಿಂದ, ಎಷ್ಟು ಕುಡಿದ, ಹೇಗೆ ಊದಿಕೊಂಡ, 38ಕ್ಕೇ ಯಾಕೆ ಸತ್ತ. ಪೂರ್ತಿ ಇದೇ. ಹಾಡು ಹಿಂದೆಲ್ಲೋ ಸಣ್ಣಗೆ ಕೇಳಿಸುತ್ತಿತ್ತು, ಅದರ ಮೇಲೆ ನಿರೂಪಕನ ಕೊರೆತ. ಪುಣ್ಯಾತ್ಮ ಎರಡು ನಿಮಿಷ ಬಾಯಿ ಮುಚ್ಚಿದ್ದರೆ ದನಿಯನ್ನಾದರೂ ಕೇಳಬಹುದಿತ್ತು!

ನನ್ನ ಹಳೇ ಹಾಲಿವುಡ್ ಹುಚ್ಚು ನಿಮಗೆಲ್ಲ ಗೊತ್ತಿರೋದೇ. ಗೊತ್ತಿಲ್ಲದವರಿಗೆ ಇಷ್ಟು: ಫಿಲಡೆಲ್ಫಿಯಾದ ಇಟಾಲಿಯನ್ ಮನೆ ಹುಡುಗ. 1921ರಲ್ಲಿ ಹುಟ್ಟಿದ. ತಾಯಿಯ ತವರಿನ ಹೆಸರು ಮಾರಿಯಾ ಲಾಂಜಾ, ಅದನ್ನೇ ಗಂಡು ಹೆಸರು ಮಾಡಿಕೊಂಡ. ಬೆಳೆದದ್ದು ಇಟಲಿಯ ಹೆಸರಾಂತ ಆಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಗಾಯಕ ಕರೂಸೊ ರೆಕಾರ್ಡ್ ಕೇಳುತ್ತಾ. 1947ರಲ್ಲಿ ಹಾಲಿವುಡ್ ಬೌಲ್ ಅನ್ನೋ ಬಯಲು ರಂಗಮಂದಿರದಲ್ಲಿ ಹಾಡಿದಾಗ ಎಂಜಿಎಂ ಸಿನಿಮಾ ಸ್ಟುಡಿಯೋದ ಲೂಯಿ ಮೇಯರ್ ಕಣ್ಣಿಗೆ ಬಿದ್ದ. 1951ರಲ್ಲಿ ಕರೂಸೊ ಪಾತ್ರವನ್ನೇ ಮಾಡಿದ. ಆ ಸಿನಿಮಾ ನೋಡಿದ ಒಬ್ಬ ಚಿಕ್ಕ ಹುಡುಗ ತಾನೂ ಹಾಡಬೇಕು ಅಂದುಕೊಂಡ. ಹುಡುಗನ ಹೆಸರು ಹೋಸೆ ಕರೇರಾಸ್, ಮುಂದೆ ಜಗತ್ತೇ ಮೆಚ್ಚಿದ ಆಪೆರಾ ಗಾಯಕ.

'ಬಿ ಮೈ ಲವ್' ಹಾಡಿನ ಕೊನೆ ಕೇಳಿ. ಗಂಡು ದನಿಗೆ ತುಂಬಾ ಎತ್ತರವಾದ ಮೇಲಿನ 'ಸಿ' ಸ್ವರಕ್ಕೆ ಏರುತ್ತಾನೆ. ಏರಿ, ಇಳಿಯುವ ಯೋಚನೆಯೇ ಇಲ್ಲದವನ ಹಾಗೆ ಅಲ್ಲೇ ನಿಲ್ಲುತ್ತಾನೆ. ಇದನ್ನು ಕೇಳಿದ ಮೇಲೂ ಸೊಂಟದ ಅಳತೆ ನೆನಪಾಗುತ್ತೆ ಅಂದರೆ ನಿಮ್ಮ ಕಿವಿ ತೋರಿಸಿಕೊಳ್ಳಿ.

ನನಗೆ ನಿಜಕ್ಕೂ ಉರಿಯೋದು 'ದಿ ಸ್ಟೂಡೆಂಟ್ ಪ್ರಿನ್ಸ್' ಸಿನಿಮಾದಿಂದ ಅವನು ಹೊರಬಿದ್ದ ಕತೆ. ದಪ್ಪ ಆದ, ಅದಕ್ಕೇ ತೆಗೆದುಹಾಕಿದರು ಅಂತ ಎಲ್ಲರೂ ಬರೆಯುತ್ತಾರೆ. ಸುಳ್ಳು. ಹಾಡುಗಳನ್ನು ಮೊದಲೇ ರೆಕಾರ್ಡ್ ಮಾಡಿಕೊಟ್ಟಿದ್ದ. ಹಾಡಿದ ರೀತಿಯ ಬಗ್ಗೆ ನಿರ್ದೇಶಕ ಕರ್ಟಿಸ್ ಬರ್ನ್‌ಹಾರ್ಟ್ ತಕರಾರು ತೆಗೆದ, ಇವನು ಎದ್ದು ಹೋದ, ಸ್ಟುಡಿಯೋ ಕೋರ್ಟಿಗೆ ಹೋಯಿತು. 1954ರಲ್ಲಿ ಸಿನಿಮಾ ಬಂದಾಗ ತೆರೆ ಮೇಲೆ ಎಡ್ಮಂಡ್ ಪರ್ಡಮ್. ಬಿಯರ್ ಮಗ್ ಎತ್ತಿ ಬಾಯಿ ತೆರೆದರೆ ಬರೋದು ಲಾಂಜಾ ದನಿ! ಮಜಾ ಏನು ಗೊತ್ತಾ, ಅಷ್ಟೊತ್ತಿಗೆ ಆ ನಿರ್ದೇಶಕನೂ ಇರಲಿಲ್ಲ. ರಿಚರ್ಡ್ ಥೋರ್ಪ್ ಬಂದಿದ್ದ. ಎಲ್ಲರನ್ನೂ ಬದಲಾಯಿಸಿದರು, ದನಿಯನ್ನು ಬದಲಾಯಿಸೋ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ಅವನೇನು ಸಾಧು ಅಲ್ಲ, ಒಪ್ಪಿದೆ. ಕುಡಿಯುತ್ತಿದ್ದ, ತಿನ್ನುತ್ತಿದ್ದ, ಸಿನಿಮಾ ಬಂತು ಅಂದರೆ ಉಪವಾಸ ಬಿದ್ದು ಇಳಿಸುತ್ತಿದ್ದ. ಆಪೆರಾ ಪಂಡಿತರದ್ದು ಇನ್ನೊಂದು ರಾಗ: 1948ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ 'ಮದಾಮ ಬಟರ್‌ಫ್ಲೈ' ಎರಡು ಸಲ ಹಾಡಿದ್ದು ಬಿಟ್ಟರೆ ವೇದಿಕೆ ಮೇಲೆ ಏನು ಮಾಡಿದ? ಸರಿ ಸ್ವಾಮಿ, ನೀವು ಹೇಳಿದ್ದೇ ಸರಿ. ಹೋಗಿ ಕರೇರಾಸ್‌ಗೂ ಹೇಳಿ ಬನ್ನಿ.

ನನಗೆ ಸಿಟ್ಟು ಸ್ವಲ್ಪ ಜಾಸ್ತಿನೇ ಇದೆ, ಇರಲಿ. ನಾನೂ ಸಣ್ಣಗಿಲ್ಲ. ಯಾರದೇ ಮದುವೆಗೆ ಹೋದರೂ ಚಪ್ಪಲಿ ಬಿಡೋಕೆ ಮುಂಚೆ ಸೋದರತ್ತೆಯ "ಏನೋ ಹಿಂಗಾಗ್ಬಿಟ್ಟಿದ್ದೀಯ" ಕೇಳಿಸಿಕೊಂಡೇ ಒಳಗೆ ಹೋಗಬೇಕು. ಹೊಟ್ಟೆ ಸವರಿಕೊಂಡು ನಗುತ್ತೇನೆ, ಇನ್ನೇನು ಮಾಡಲಿ. ಒಳಗೆ ಮಾತ್ರ ಚುರ್ ಅನ್ನುತ್ತೆ.

1959ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ತೀರಿಕೊಂಡ. ಅದೇ ವರ್ಷ ಬಂದ ಕೊನೆಯ ಸಿನಿಮಾ 'ಫಾರ್ ದಿ ಫಸ್ಟ್ ಟೈಮ್'. ಅದರಲ್ಲಿ ಒಥೆಲೋ ಸಾಯುವ ದೃಶ್ಯ ಹಾಡಿದ್ದಾನೆ. ಮೊದಲಿನ ಹುಡುಗಾಟ ಹೋಗಿ ದನಿಗೆ ಎಂಥಾ ತೂಕ ಬಂದಿದೆ ಅಂದರೆ! ತೂಕದ ಬಗ್ಗೆಯೇ ಬರೆಯಬೇಕಾ, ಆ ತೂಕದ ಬಗ್ಗೆ ಬರೀರಿ.