ಹತ್ತಿರದ ಅಂಗಡಿ ಅಂದರೆ ಯಾರಿಗೆ ಹತ್ತಿರ?

ಗೌರಿ ಹಬ್ಬಕ್ಕೆ ಹದಿನೈದು ದಿನ ಇರುವಾಗ ಸಾಗರದಿಂದ ಅಮ್ಮನ ಫೋನು. "ಸೀರೆ ಅಂಗಡಿಯವರ ಮೆಸೇಜ್ ಬಂದಿದೆ ಮಾರಾಯ, ನಿಮ್ಮ ಹತ್ತಿರದ ಮಳಿಗೆಗೆ ಬನ್ನಿ ಅಂತ. ಒತ್ತಿದರೆ ಮಾರತ್ತಹಳ್ಳಿ ತೋರಿಸ್ತದೆ. ಇಲ್ಲಿಂದ ಮಾರತ್ತಹಳ್ಳಿ ಹತ್ತಿರವಾ?"

ಮೊದಲು ನಗು ಬಂತು, ಆಮೇಲೆ ಸ್ವಲ್ಪ ನಾಚಿಕೆಯೂ ಆಯಿತು. ಆ ಸಂದೇಶ ನಮ್ಮ ಕಂಪನಿ ಕಳಿಸಿದ್ದಲ್ಲ ನಿಜ. ಆದರೆ ಅಂಥದ್ದೇ ಲಿಂಕು ಕಟ್ಟಿಕೊಡುವುದು ನನ್ನ ಹೊಟ್ಟೆಪಾಡು. ಹತ್ತಾರು ಊರಲ್ಲಿ ಶಾಖೆ ಇರುವ ಅಂಗಡಿಯವರಿಗೆ ಒಂದೇ ಲಿಂಕು ಕೊಡುತ್ತೇವೆ. ಒತ್ತಿದವರು ಹುಬ್ಬಳ್ಳಿಯವರಾದರೆ ಹುಬ್ಬಳ್ಳಿ ಮಳಿಗೆಯ ಪುಟ, ಮೈಸೂರಿನವರಾದರೆ ಮೈಸೂರಿನದು. ಮಾರಾಟದ ಸಭೆಗಳಲ್ಲಿ ಇದನ್ನು ಮಂತ್ರದಂಡದಂತೆ ತೋರಿಸುತ್ತೇವೆ. ಅಮ್ಮನ ಫೋನು ಬಂದ ಮೇಲೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತು ಇದ್ದವರು ಓದಿ.

ಒಂದೇ ಲಿಂಕು ಯಾಕೆ ಬೇಕು ಎನ್ನುವುದಕ್ಕೆ ನಮ್ಮ ದೇಶದ್ದೇ ಕಾರಣಗಳಿವೆ. ಇಲ್ಲಿ ವ್ಯಾಪಾರದ ಎಸ್‌ಎಂಎಸ್ ಕಳಿಸುವವರು ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮದ ಪ್ರಕಾರ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವೇದಿಕೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಕಳಿಸುವವರ ಹೆಸರು, ಅಂದರೆ ಹೆಡರ್, ನೋಂದಣಿಯಾಗಬೇಕು. ಸಂದೇಶದ ಒಕ್ಕಣೆ, ಅಂದರೆ ಟೆಂಪ್ಲೇಟು, ಅದೂ ಒಪ್ಪಿಗೆ ಪಡೆಯಬೇಕು. 2024ರ ಅಕ್ಟೋಬರ್ 1ರಿಂದ ಸಂದೇಶದೊಳಗಿನ ಲಿಂಕಿನ ವಿಳಾಸವನ್ನೂ ಮೊದಲೇ ಬರೆಸಿಡಬೇಕು. ಪಟ್ಟಿಯಲ್ಲಿ ಇಲ್ಲದ ಲಿಂಕು ಇದ್ದರೆ ಸಂದೇಶ ದಾರಿಯಲ್ಲೇ ಸತ್ತುಹೋಗುತ್ತದೆ. ಕೆವೈಸಿ ನೆಪದಲ್ಲಿ, ಕರೆಂಟ್ ಬಿಲ್ಲಿನ ನೆಪದಲ್ಲಿ ಕಳ್ಳ ಲಿಂಕು ಕಳಿಸಿ ಜನರ ದುಡ್ಡು ನುಂಗುವವರಿಗೆ ಹಾಕಿದ ಬೇಲಿ ಇದು. ಒಳ್ಳೆಯದೇ. ಆದರೆ ನಲವತ್ತು ಶಾಖೆಗೆ ನಲವತ್ತು ಒಕ್ಕಣೆ, ನಲವತ್ತು ಲಿಂಕು ಬರೆಸುತ್ತ ಕೂರಲು ಯಾವ ಮಾರ್ಕೆಟಿಂಗ್ ಮ್ಯಾನೇಜರಿಗೂ ತಾಳ್ಮೆ ಇಲ್ಲ. ಒಂದೇ ಒಕ್ಕಣೆ, ಒಂದೇ ಲಿಂಕು, ಉಳಿದದ್ದನ್ನು ಸರ್ವರ್ ನೋಡಿಕೊಳ್ಳಲಿ ಎನ್ನುವ ತೀರ್ಮಾನಕ್ಕೆ ಎಲ್ಲರೂ ಬರುತ್ತಾರೆ.

ಎರಡನೇ ಕಾರಣ ನಮ್ಮ ಲಿಪಿ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸುತ್ತವೆ, ಕನ್ನಡದ ಯೂನಿಕೋಡ್‌ನಲ್ಲಿ ಬರೆದರೆ 70 ಮಾತ್ರ. ಅದೂ ನಾವು ನೀವು ಎಣಿಸುವ ಅಕ್ಷರ ಅಲ್ಲ. ಗುಣಿತದ ಚಿಹ್ನೆ, ಒತ್ತು, ವಿರಾಮ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 'ಸ್ತ್ರೀ' ನಮಗೆ ಒಂದಕ್ಷರ, ಎಸ್‌ಎಂಎಸ್‌ಗೆ ಆರು. 'ನಿಮ್ಮ ಹತ್ತಿರದ ಮಳಿಗೆಗೆ ಭೇಟಿ ಕೊಡಿ' ಎಂದು ಬರೆಯುವಷ್ಟರಲ್ಲಿ 31 ಖರ್ಚು. ಇನ್ನು ಅಂಗಡಿಯ ಹೆಸರು, ರಿಯಾಯಿತಿ, ದಿನಾಂಕ, ಕೊನೆಗೆ ಲಿಂಕು. 70 ದಾಟಿದರೆ ಎರಡನೇ ಎಸ್‌ಎಂಎಸ್‌ನ ದುಡ್ಡು. ಲಕ್ಷ ಜನಕ್ಕೆ ಕಳಿಸುವವರಿಗೆ ಅದು ಸಣ್ಣ ಮಾತಲ್ಲ. ಕನ್ನಡ ನಾಡಿನ ಅಂಗಡಿಗಳು ಕನ್ನಡದಲ್ಲಿ ಯಾಕೆ ಮೆಸೇಜ್ ಕಳಿಸುವುದಿಲ್ಲ ಎಂದು ಸಿಟ್ಟಾಗುವ ಗೆಳೆಯರೇ, ಸಿಟ್ಟು ನ್ಯಾಯವೇ, ಆದರೆ ಅದರ ಹಿಂದೆ ಈ 160 ಮತ್ತು 70ರ ಗಣಿತವೂ ಕೂತಿದೆ. ಇಷ್ಟು ಇಕ್ಕಟ್ಟಿನಲ್ಲಿ ಶಾಖೆಯ ವಿಳಾಸ ಬರೆಯಲು ಜಾಗವೆಲ್ಲಿ? ಪುಟ್ಟ ಲಿಂಕೊಂದನ್ನು ತುರುಕಿ ಕೈತೊಳೆದುಕೊಳ್ಳುತ್ತಾರೆ.

ಸರಿ, ಲಿಂಕು ಒತ್ತಿದ ಮೇಲೆ ನೀವು ಯಾವ ಊರಿನವರು ಎಂದು ಸರ್ವರಿಗೆ ಹೇಗೆ ಗೊತ್ತಾಗಬೇಕು? ಸುಲಭದ ದಾರಿ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ. ಸೋಮಾರಿಗಳ ದಾರಿಯೂ ಅದೇ. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಇದು ತಕ್ಕಮಟ್ಟಿಗೆ ಊರು ಹೇಳುತ್ತದೆ. ಎಸ್‌ಎಂಎಸ್ ಲಿಂಕನ್ನು ಜನ ಒತ್ತುವುದು ಮೊಬೈಲ್ ಡೇಟಾದಲ್ಲಿ. ಅಲ್ಲಿ ಸಾವಿರಾರು ಗಿರಾಕಿಗಳು ಒಂದೇ ಸಾರ್ವಜನಿಕ ಐಪಿಯ ಹಿಂದೆ ಕೂತಿರುತ್ತಾರೆ, ಆ ಐಪಿ ಹೊರಗೆ ಬರುವ ಬಾಗಿಲು ಯಾವುದೋ ದೊಡ್ಡ ನಗರದಲ್ಲಿ ಇರುತ್ತದೆ. ಸಾಗರದ ಅಡುಗೆಮನೆಯಲ್ಲಿ ಒತ್ತಿದ ಲಿಂಕು ಬೆಂಗಳೂರಿನ ಬಾಗಿಲಿಂದ ಹೊರಬಿತ್ತು, ಅಂಗಡಿಯ ಸರ್ವರು "ಓಹೋ, ಬೆಂಗಳೂರಿನವರು" ಎಂದುಕೊಂಡಿತು. ಅಮ್ಮನಿಗೆ ಮಾರತ್ತಹಳ್ಳಿ ಸಿಕ್ಕಿದ್ದು ಹೀಗೇ ಇರಬೇಕು.

ಫೋನ್ ನಂಬರಿನಿಂದ ಊರು ಹೇಳಬಹುದು ಎಂದು ವಾದಿಸುವವರು ಈಗಲೂ ಸಿಗುತ್ತಾರೆ. 2015ರ ಜುಲೈ 3ರಿಂದ ದೇಶಾದ್ಯಂತ ನಂಬರು ಪೋರ್ಟ್ ಮಾಡುವ ಅವಕಾಶ ಬಂದ ಮೇಲೆ ಆ ವಾದಕ್ಕೆ ಜೀವ ಇಲ್ಲ. ಪುಣೆಯಲ್ಲಿ ಹತ್ತು ವರ್ಷದಿಂದ ಇರುವ ನನ್ನ ಭಾವನ ನಂಬರು ಇವತ್ತಿಗೂ ಕರ್ನಾಟಕದ್ದೇ. ಇನ್ನು ಸಂದೇಶದ ಮೇಲೆ ಕಾಣುವ ಎರಡಕ್ಷರ, ಜೆಎಕ್ಸ್ ಅಂತಲೋ ಎಡಿ ಅಂತಲೋ ಇರುತ್ತದಲ್ಲ, ಅದರಲ್ಲಿ ಮೊದಲನೆಯದು ಟೆಲಿಕಾಂ ಕಂಪನಿ, ಎರಡನೆಯದು ಸರ್ಕಲ್, ಅಂದರೆ ಟೆಲಿಕಾಂ ವಲಯ. ಎಕ್ಸ್ ಅಂದರೆ ಕರ್ನಾಟಕ, ಡಿ ಅಂದರೆ ದೆಹಲಿ. ಆದರೆ ಅದು ಸಂದೇಶ ಹೊರಟ ಸರ್ಕಲ್, ನಿಮ್ಮದಲ್ಲ. ಪಕ್ಕದ ಬೀದಿಯ ಅಂಗಡಿಯ ಸಂದೇಶ ದೆಹಲಿಯ ಎಡಿ ಹೊತ್ತು ಬರುವುದು ಮಾಮೂಲು. ಅಂದಹಾಗೆ, 2025ರಿಂದ ಹೆಸರಿನ ಕೊನೆಗೂ ಒಂದಕ್ಷರ ಸೇರಿದೆ. ಪಿ ಇದ್ದರೆ ಪ್ರಚಾರ, ಎಸ್ ಇದ್ದರೆ ಸೇವೆ, ಟಿ ಇದ್ದರೆ ವಹಿವಾಟು, ಜಿ ಇದ್ದರೆ ಸರ್ಕಾರ. ಮನೆಯ ಹಿರಿಯರಿಗೆ ಇದೊಂದು ಹೇಳಿಕೊಡಿ, ತುಂಬ ಉಪಯೋಗಕ್ಕೆ ಬರುತ್ತದೆ.

ಮೂರನೆಯ ದಾರಿ, ಫೋನಿನ ಜಿಪಿಎಸ್ ಕೇಳುವುದು. ಕರಾರುವಾಕ್ಕು ಇದೇ. ಆದರೆ ಪುಟ ತೆರೆದ ತಕ್ಷಣ "ನಿಮ್ಮ ಸ್ಥಳ ತಿಳಿಯಲು ಅನುಮತಿ ಕೊಡಿ" ಎಂದು ಬ್ರೌಸರು ಕೇಳುತ್ತದೆ. ಅಮ್ಮ ಬೇಡ ಅಂತ ಒತ್ತುತ್ತಾಳೆ. ಹಾಗೆ ಒತ್ತಬೇಕೆಂದು ಕಲಿಸಿದವನೇ ನಾನು. ಸೀರೆ ಮಾರುವವನಿಗೆ ನಾನೆಲ್ಲಿ ಕೂತಿದ್ದೇನೆ ಅನ್ನುವುದು ಯಾಕೆ ಬೇಕು ಎಂಬ ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ.

ಜಿಪಿಎಸ್ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಹತ್ತಿರ ಅಂದರೆ ಎಷ್ಟು ಹತ್ತಿರ? ಹೆಚ್ಚಿನ ಪ್ರೋಗ್ರಾಂಗಳು ಎರಡು ಬಿಂದುಗಳ ನಡುವೆ ಕಾಗೆ ಹಾರುವ ದಾರಿ ಅಳೆದು ಮುಗಿಸುತ್ತವೆ. ನಮ್ಮ ಕಡೆಯವರಿಗೆ ಇದರ ಹುಳುಕು ಗೊತ್ತು. ಶರಾವತಿ ಹಿನ್ನೀರಿನ ಆಚೆ ಇರುವ ತುಮರಿಯಿಂದ ಸಾಗರಕ್ಕೆ ನಕ್ಷೆಯಲ್ಲಿ ಗೆರೆ ಎಳೆದರೆ ಗೇಣುದ್ದ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತ ಮೇಲೆ ದಶಕಗಳ ಕಾಲ ಆ ಗೇಣುದ್ದಕ್ಕೆ ಲಾಂಚ್ ಕಾಯಬೇಕಿತ್ತು, ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಕಥೆ ಮುಗಿಯಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸೇತುವೆ ತೆರೆದದ್ದು 2025ರ ಜುಲೈ 14ರಂದು. ಆ ದಿನದ ಹಿಂದಿನ ದಿನವೂ ಮರುದಿನವೂ ಕಾಗೆಯ ದಾರಿ ಅಷ್ಟೇ ಇತ್ತು. ಘಟ್ಟದ ಮೇಲೆ ಒಂದು ಶಾಖೆ, ಕೆಳಗೆ ಒಂದು ಶಾಖೆ ಇರುವ ಅಂಗಡಿಗೂ ಇದೇ ಪಾಡು. ಶಿರಾಡಿಯಲ್ಲಿ ಗುಡ್ಡ ಕುಸಿದ ದಿನ ಹತ್ತಿರದ್ದು ಯಾವುದು ಅಂತ ಯಾವ ಸೂತ್ರ ಹೇಳುತ್ತದೆ?

ಇಷ್ಟಾದರೂ ಇವೆಲ್ಲ ರಿಪೇರಿ ಮಾಡಬಹುದಾದ ತಪ್ಪುಗಳು. ರಸ್ತೆಯ ದೂರ ಲೆಕ್ಕ ಹಾಕಿಸಬಹುದು, ಪಿನ್‌ಕೋಡ್ ಕೇಳಬಹುದು. ನನ್ನ ತಕರಾರು ಬುಡದಲ್ಲೇ ಇದೆ. ಈ ಇಡೀ ವ್ಯವಸ್ಥೆ ನೀವು ಎಲ್ಲಿ ನಿಂತಿದ್ದೀರಿ ಅಂತ ಹುಡುಕುತ್ತದೆ. ಅಂಗಡಿಗೆ ಬೇಕಾದದ್ದು ನೀವು ಎಲ್ಲಿ ಕೊಳ್ಳುತ್ತೀರಿ ಎನ್ನುವುದು.

ಹಬ್ಬದ ಹಿಂದಿನ ಶುಕ್ರವಾರ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ನಿಂತು ನೋಡಿ. ಅರ್ಧ ಬೆಂಗಳೂರು ಊರಿಗೆ ಹೊರಟಿರುತ್ತದೆ. ಒಂದು ಸಲ ಸಾಗರದ ಬಸ್ಸಿನಲ್ಲಿ ಕೂತು ನಾವೇ ಕಟ್ಟಿದ ಲಿಂಕೊಂದನ್ನು ಜಿಪಿಎಸ್‌ಗೆ ಅನುಮತಿ ಕೊಟ್ಟು ಪರೀಕ್ಷೆ ಮಾಡುತ್ತ ಹೋದೆ. ಯಶವಂತಪುರ ದಾಟುವಾಗ ಮಲ್ಲೇಶ್ವರದ ಮಳಿಗೆ. ತುಮಕೂರಲ್ಲಿ ತುಮಕೂರಿನದು. ಬೆಳಗಿನ ಜಾವ ಶಿವಮೊಗ್ಗದಲ್ಲಿ ಕಣ್ಣುಬಿಟ್ಟು ಒತ್ತಿದರೆ ಮತ್ತೆ ತುಮಕೂರು! ಬೇರೆ ಪುಟಕ್ಕೆ ಕಳಿಸುವಾಗ ಸರ್ವರು ಫೋನಿಗೆ ಒಂದು ಸಂಕೇತ ಸಂಖ್ಯೆ ಹೇಳುತ್ತದೆ. ತುಮಕೂರಿನ ಪುಟಕ್ಕೆ ಮಾತ್ರ ನಮ್ಮ ಹುಡುಗನೊಬ್ಬ 302 ಹಾಕುವ ಕಡೆ 301 ಹಾಕಿದ್ದ. 302 ಅಂದರೆ ಸದ್ಯಕ್ಕೆ ಈ ಕಡೆ ಹೋಗು ಅಂತ, 301 ಅಂದರೆ ಶಾಶ್ವತವಾಗಿ ಮನೆ ಬದಲಾಗಿದೆ ಅಂತ. ಫೋನು ಅದನ್ನು ನಂಬಿ ನೆನಪಿಟ್ಟುಕೊಂಡುಬಿಟ್ಟಿತ್ತು, ಸರ್ವರನ್ನು ಮತ್ತೆ ಕೇಳುವ ಗೋಜಿಗೇ ಹೋಗಿರಲಿಲ್ಲ. ಬೈದುಕೊಂಡು ಸರಿಮಾಡಿಸಿದೆ. ಆದರೆ ಬಸ್ಸಿನಲ್ಲಿ ನನಗೆ ಹೊಳೆದದ್ದು ಬೇರೆ. ಎಲ್ಲವೂ ಸರಿಯಾಗಿ ನಡೆದಿದ್ದರೂ ಆ ರಾತ್ರಿ ತೋರಿಸಿದ ಮಲ್ಲೇಶ್ವರ, ತುಮಕೂರು ಎರಡೂ ನನಗೆ ನಿರುಪಯೋಗಿ. ನಾನು ಅಮ್ಮನಿಗೆ ಸೀರೆ ಕೊಳ್ಳುವುದು ಶಿವಮೊಗ್ಗದಲ್ಲಿ.

ತಮಾಷೆ ಏನೆಂದರೆ ಅಂಗಡಿಗೆ ಇದು ಮೊದಲೇ ಗೊತ್ತು. ಬಿಲ್ ಮಾಡುವಾಗ "ಸರ್ ನಂಬರ್ ಹೇಳಿ" ಅಂದವರು ಅವರೇ ತಾನೆ? (ಮೊಬೈಲ್ ನಂಬರಿಗಾಗಿ ಗಿರಾಕಿಯನ್ನು ಒತ್ತಾಯ ಮಾಡಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಹೇಳಿದೆ. ಕೊಡದೆಯೂ ಬಿಲ್ ಪಡೆಯಬಹುದು.) ಆ ನಂಬರಿನ ಪಕ್ಕ ಶಾಖೆಯ ಹೆಸರು ಅವರ ಲೆಕ್ಕದಲ್ಲಿ ಕೂತೇ ಇದೆ. ಎಲ್ಲರಿಗೂ ಒಂದೇ ಲಿಂಕು ಕಳಿಸುವ ಬದಲು ಒಬ್ಬೊಬ್ಬರ ಲಿಂಕಿನ ಬಾಲಕ್ಕೆ ಒಂದೊಂದು ಗುರುತು ಅಂಟಿಸಿದರೆ ಸಾಕು. ವಿಳಾಸದ ಮುಂಭಾಗ ಎಲ್ಲರಿಗೂ ಒಂದೇ ಆದ್ದರಿಂದ ಡಿಎಲ್‌ಟಿ ನೋಂದಣಿಗೂ ತೊಂದರೆ ಇಲ್ಲ. ಒತ್ತಿದಾಗ ಕೊನೆಯ ಬಿಲ್ಲು ಆದ ಶಾಖೆ ತೆರೆಯಲಿ, ಮೇಲ್ಗಡೆ ದೊಡ್ಡದಾಗಿ "ಬೇರೆ ಊರಿನ ಮಳಿಗೆ ಬೇಕೆ?" ಎಂಬ ಗುಂಡಿ ಇರಲಿ. ಐಪಿಯೂ ಬೇಡ, ಜಿಪಿಎಸ್ಸೂ ಬೇಡ.

ಇದರಲ್ಲೂ ತೊಡಕಿಲ್ಲ ಅಂತಲ್ಲ. ನಮ್ಮ ಜನ ಆಫರ್ ಲಿಂಕನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕದೆ ಬಿಡುವುದಿಲ್ಲ. ಅತ್ತಿಗೆ ಪುಣೆಯಲ್ಲಿ ಒತ್ತಿದರೂ ಅದು ನನ್ನ ಲಿಂಕೇ, ಅಂಗಡಿಯ ಲೆಕ್ಕದಲ್ಲಿ ಒತ್ತಿದವನು ನಾನೇ. ಹಾಗಾಗಿ ಆ ಬಾಲದ ಗುರುತಿನಿಂದ ಶಾಖೆ ಮಾತ್ರ ತಿಳಿಯಬೇಕು, ನನ್ನ ಹೆಸರು, ಹಳೆಯ ಖರೀದಿ ಏನೂ ಆ ಪುಟದಲ್ಲಿ ಕಾಣಬಾರದು. ಇದನ್ನು ಮರೆತು "ನಮಸ್ಕಾರ, ನಿಮ್ಮ ಹಿಂದಿನ ಖರೀದಿ ಇದು" ಎಂದು ತೋರಿಸುವ ಮಹಾನುಭಾವರಿದ್ದಾರೆ. 2023ರ ಡೇಟಾ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ, ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು ಇದೆ. ಒಪ್ಪಿಗೆ ಕೇಳುವಾಗ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆ ಕೊಡಬೇಕೆಂದು ಕಾಯ್ದೆಯಲ್ಲೇ ಇದೆ. ಅಮ್ಮನ ಪ್ರಶ್ನೆಗೆ ಆಗಲಾದರೂ ಕನ್ನಡದಲ್ಲಿ ಉತ್ತರ ಸಿಗಬಹುದು.

ಕೊನೆಯ ಬಿಲ್ಲಿನ ದಾರಿಯನ್ನು ನಮ್ಮ ಗಿರಾಕಿಯೊಬ್ಬರ ಮುಂದೆ ಇಟ್ಟೆ. ಅವರ ಮುಖ ಸಪ್ಪೆಯಾಯಿತು. "ಇದರಲ್ಲಿ ಎಐ ಎಲ್ಲಿದೆ?" ಅಂದರು. ಇಲ್ಲ ಸ್ವಾಮಿ, ಇದರಲ್ಲಿ ಇರುವುದು ನಿಮ್ಮದೇ ಬಿಲ್ ಪುಸ್ತಕ ಅಂದೆ. ಮೂರು ಶಾಖೆಯಲ್ಲಿ ನೋಡೋಣ ಅಂದಿದ್ದಾರೆ. ಅವು ಯಾವ ಮೂರು ಅಂತ ಇನ್ನೂ ಹೇಳಿಲ್ಲ.

ಅಮ್ಮ ಆ ಲಿಂಕಿನ ಗೊಡವೆಗೆ ಮತ್ತೆ ಹೋಗಲಿಲ್ಲ. ಪಕ್ಕದ ಮನೆಯವರ ಜೊತೆ ಶಿವಮೊಗ್ಗಕ್ಕೆ ಹೋಗಿ ಸೀರೆ ತಂದಳು. ಕೌಂಟರಿನಲ್ಲಿ ನಂಬರ್ ಕೇಳಿದ್ದಕ್ಕೆ, ಈ ಮೆಸೇಜಿನ ಕಾಟವೇ ಬೇಡ ಅಂತ ನನ್ನ ನಂಬರ್ ಕೊಟ್ಟು ಬಂದಿದ್ದಾಳೆ. ದೀಪಾವಳಿಯ ಸಂದೇಶ ಈಗ ನನಗೇ ಬಂದಿದೆ. ಒತ್ತಿದೆ, ಮಾರತ್ತಹಳ್ಳಿ. ನಾನಿರುವ ಮನೆಯಿಂದ ಎರಡು ಕಿಲೋಮೀಟರ್.