ಕೇಳಿದ್ರಾ ದೊಡ್ಡಪ್ಪ?

ತಿಪಟೂರಿನಲ್ಲಿ ತಮ್ಮನ ಮಗುವಿನ ನಾಮಕರಣ. ಪಂಕ್ತಿಗೆ ಕೂತಿದ್ದೆವು. ನನ್ನ ಒಂಬತ್ತು ವರ್ಷದ ಮಗಳು ಹೋಳಿಗೆಗೆ ತುಪ್ಪ ಬೀಳುವುದನ್ನೇ ಕಾಯುತ್ತಿದ್ದಳು. ಅಣ್ಣ ಎದುರಿಗೆ ಬಂದು ಟಕ್ಕನೆ ಫೋಟೋ ತೆಗೆದ. ಅರ್ಧ ನಿಮಿಷದಲ್ಲಿ ಅದು ಅವನ ಸ್ಟೇಟಸ್‌ನಲ್ಲಿತ್ತು.

"ನನ್ನನ್ನ ಕೇಳಿದ್ರಾ ದೊಡ್ಡಪ್ಪ?" ಅಂದಳು.

ಇಡೀ ಪಂಕ್ತಿ ನಕ್ಕಿತು. "ಮೆಲ್ಬರ್ನ್ ಲಾಯರಮ್ಮ ಬಂದ್ಲಪ್ಪೋ" ಅಂದರು ಯಾರೋ. ನಾನೂ ನಕ್ಕೆ. ಅವಳು ನಗಲಿಲ್ಲ. ಬೇರೆಯವರ ನಗು ಮರೆತುಹೋಯಿತು, ನಾನು ನಕ್ಕಿದ್ದು ಮಾತ್ರ ಇನ್ನೂ ಚುಚ್ಚುತ್ತಿದೆ.

ಯಾಕೆಂದರೆ ಅವಳು ಕಲಿತದ್ದನ್ನೇ ಹೇಳಿದ್ದಳು. ಮೆಲ್ಬರ್ನಿನಲ್ಲಿ ಅವಳ ಶಾಲೆ ಪ್ರತಿ ವರ್ಷ ನಮಗೊಂದು ಫಾರಂ ಕಳಿಸುತ್ತದೆ. ಮಗುವಿನ ಫೋಟೋ ಶಾಲೆಯ ಪತ್ರಿಕೆಯಲ್ಲಿ ಹಾಕಬಹುದಾ, ವೆಬ್‌ಸೈಟಿನಲ್ಲಿ ಹಾಕಬಹುದಾ, ಹೆಸರು ಹಾಕಬಹುದಾ. ಒಂದೊಂದಕ್ಕೂ ಬೇರೆ ಬೇರೆ ಟಿಕ್. ಮೊದಲ ವರ್ಷ ನನಗೆ ಇದೆಂಥ ರಗಳೆ ಅನಿಸಿತ್ತು. ಆಮೇಲೊಂದು ದಿನ ಟೀಚರ್ ಮಕ್ಕಳಿಗೆ, ಮನೆಯ ಇಂಟರ್ನೆಟ್ ನಿಯಮಗಳನ್ನು ನೀವೇ ಬರೆದು ತನ್ನಿ ಅಂದರಂತೆ. ಇವಳ ಮೊದಲ ನಿಯಮ: ಅಪ್ಪ ನನ್ನ ಫೋಟೋ ಹಾಕುವ ಮುಂಚೆ ನನ್ನನ್ನ ಕೇಳಬೇಕು. ಕೆಳಗೆ ನನ್ನ ಸಹಿ. ಫ್ರಿಜ್ಜಿನ ಮೇಲೆ ಈಗಲೂ ಇದೆ.

ನಮ್ಮ ಕಡೆ ನೋಡಿ. ಅವತ್ತು ಹಸುಗೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟರು. ಹತ್ತು ನಿಮಿಷ ಕಳೆಯಲಿಲ್ಲ, ಅದೇ ಕೆನ್ನೆಯ ಫೋಟೋ ನಾಲ್ಕು ಗುಂಪಿಗೆ ಹೋಯಿತು. ಜೊತೆಗೆ ಪೂರ್ತಿ ಹೆಸರು, ಹುಟ್ಟಿದ ದಿನ, ಗಳಿಗೆ, ನಕ್ಷತ್ರ, ಹುಟ್ಟಿದ ಆಸ್ಪತ್ರೆ. ಪಕ್ಕದ ಬೀದಿಯವರ ಕಣ್ಣಿಗೆ ಹೆದರುವ ನಾವು, ಮುಖವೇ ಕಾಣದವರಿಗೆ ಮಗುವಿನ ಜಾತಕ ಕೊಟ್ಟುಬಿಡುತ್ತೇವೆ!

ಇನ್ನು ಮಕ್ಕಳಿಗೆ ನಾವು ಹೇಳುವ ಪಾಠ ಒಂದೇ, "ಮೊಬೈಲ್ ಮುಟ್ಟಬೇಡ". ಅದೂ ತುತ್ತು ತಿನ್ನಿಸುವಾಗ ನಾವೇ ಮೊಬೈಲ್ ತೋರಿಸಿಕೊಂಡು. ಏನಾದರೂ ಎಡವಟ್ಟಾದರೆ ಮೊದಲು ಮೊಬೈಲ್ ಕಸಿದುಕೊಳ್ಳುತ್ತೇವೆ, ಆಮೇಲೆ ಕೇಳುತ್ತೇವೆ. ಹೀಗಿದ್ದರೆ ಯಾವ ಹುಡುಗಿ ಬಂದು, ಅಪ್ಪಾ, ಯಾರೋ ಗೊತ್ತಿಲ್ಲದವನು ಮೆಸೇಜ್ ಮಾಡ್ತಿದಾನೆ ಅಂತ ಹೇಳ್ತಾಳೆ? ಅಲ್ಲಿ ಶಾಲೆಯವರು ಹೆತ್ತವರಿಗೆ ಮೊದಲು ಹೇಳಿದ್ದೇ ಇದು: ಮಗು ಬಂದು ಹೇಳಿದ ತಕ್ಷಣ ಫೋನ್ ಕಸಿಯಬೇಡಿ, ಮುಂದಿನ ಸಲ ಹೇಳುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಆನ್‌ಲೈನ್ ಸುರಕ್ಷತೆಗೇ ಅಂತ ಈ-ಸೇಫ್ಟಿ ಕಮಿಷನರ್ ಕಚೇರಿ 2015ರಿಂದ ಇದೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2020ರಿಂದ ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ಮೊಬೈಲ್ ಬಳಸುವಂತಿಲ್ಲ. 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್‌ನಲ್ಲಿ ಖಾತೆಯೇ ಇಲ್ಲ. ತಪ್ಪಿದರೆ ದಂಡ ಮಗುವಿಗಲ್ಲ, ಹೆತ್ತವರಿಗೂ ಅಲ್ಲ, ಕಂಪನಿಗೆ. 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ನನಗೆ ಬಹಳ ಇಷ್ಟವಾದದ್ದು ಈ ಕೊನೆಯ ಮಾತು. ನಮ್ಮಲ್ಲಾದರೆ ಮೊದಲು ಬೈಸಿಕೊಳ್ಳುವುದು ಹುಡುಗಿಯೇ, ಅಲ್ವಾ?

ಇಷ್ಟಾದರೂ ಒಂದು ವಿಷಯ ಒಪ್ಪಿಕೊಳ್ಳಲೇಬೇಕು. ಅಮ್ಮ ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಹೋದ ವರ್ಷ ಅಮ್ಮನಿಗೆ ವಿಡಿಯೋ ಕಾಲ್ ಬಂದಿತ್ತಂತೆ. ಖಾಕಿ ಹಾಕಿದ ಒಬ್ಬ. ನಿಮ್ಮ ಆಧಾರ್ ಕಳ್ಳಸಾಗಣೆಯಲ್ಲಿ ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಬಾಗಿಲು ಹಾಕಿ ಕೂರಿ ಅಂದನಂತೆ. ನಮ್ಮೂರಲ್ಲಿ ಹಗಲು ಹೊತ್ತು ಬಾಗಿಲು ಹಾಕಿಕೊಂಡರೆ ಊರೇ ಬಂದು ತಟ್ಟುತ್ತದೆ. ಪಕ್ಕದ ಮನೆಯಾಕೆ ಹೆಪ್ಪು ಕೇಳಲು ಬಂದರು. ಅಮ್ಮನ ಮುಖ ನೋಡಿ ಅಣ್ಣನ ಮಗನನ್ನು ಕೂಗಿದರು. ಒಂಬತ್ತನೇ ಕ್ಲಾಸಿನವನು. ಫೋನ್ ಕಿತ್ತುಕೊಂಡು, "ಹಂಗೆಲ್ಲಾ ಅರೆಸ್ಟ್ ಮಾಡೋ ಕಾನೂನೇ ಇಲ್ಲ ಅಜ್ಜಿ" ಅಂತ ಕಾಲ್ ಕಟ್ ಮಾಡಿದ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಅವನೇ ಫೋನ್ ಮಾಡಿದ. ಎಲ್ಲಿ ಕಲಿತೆ ಅಂದರೆ, ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಠಾಣೆಯ ಪೊಲೀಸರು ಹೈಸ್ಕೂಲಿಗೆ ಬಂದು ಹೇಳಿದ್ದರಂತೆ. ಒಂದೇ ಒಂದು ಗಂಟೆ.

ಮೆಲ್ಬರ್ನಿನ ನಮ್ಮ ಬೀದಿಯಲ್ಲಿ ನಾನು ಮೂರು ದಿನ ಬಾಗಿಲು ಹಾಕಿಕೊಂಡರೂ ಹೆಪ್ಪು ಕೇಳುವವರಿಲ್ಲ. ಆ ಫಾರಂಗಳೆಲ್ಲ ಬಹುಶಃ ಅದಕ್ಕೇ ಬೇಕಾಗಿವೆಯೇನೋ. ಹೀಗಂದರೆ ನನ್ನ ಹೆಂಡತಿ ಒಪ್ಪುವುದಿಲ್ಲ, ಊರಿಗೆ ಬಂದಾಗಲೆಲ್ಲ ನಿಮ್ಮ ಬುದ್ಧಿ ಮೆತ್ತಗಾಗುತ್ತೆ ಅಂತಾಳೆ.

ಹೊರಡುವ ಹಿಂದಿನ ದಿನ ಅಣ್ಣನೇ ಬಂದು ಮಗಳನ್ನು ಕೇಳಿದ, "ತೆಗಿಲಾ?" ಅಂತ. ಅವಳು ಕೂದಲು ಸರಿ ಮಾಡಿಕೊಂಡು ಬಂದು ಹೂಂ ಅಂದಳು. ನನಗೆ ಒಳಗೊಳಗೇ ಹೆಮ್ಮೆ.

ಮಧ್ಯಾಹ್ನ ಮನೆಯ ಗುಂಪಿನಲ್ಲಿ ಒಂದು ಫೋಟೋ ಬಂತು. ಜಗಲಿಯಲ್ಲಿ ಅಣ್ಣ, ಬಾಯಿ ಬಿಟ್ಟುಕೊಂಡು ನಿದ್ದೆ, ಎದೆಯ ಮೇಲೆ ಬೀಸಣಿಗೆ. ಹೋಗಿದ್ದು ನನ್ನ ಮೊಬೈಲಿನಿಂದ.

"ದೊಡ್ಡಪ್ಪನ್ನ ಕೇಳಿದ್ಯಾ?" ಅಂದೆ.

"ಮಲಗಿದ್ರಲ್ಲಪ್ಪ, ಹೇಗೆ ಕೇಳಲಿ?" ಅಂದಳು.